ಮೇಲಿನ ಕಲ್ಲು

ತಗಡು ಕಿತ್ತ ಜಾಗದಿಂದ ಬಿಸಿಲು ನೇರ ಒಲೆಯ ಮೇಲೆ ಬಿದ್ದಿದೆ, ಮಣ್ಣು ಮೆತ್ತುವಾಗ ತಾನೇ ಒತ್ತಿದ ಬೆರಳುಗಳ ಗುರುತು ಮಸಿಯೊಳಗಿಂದ ಎದ್ದು ಕಾಣುತ್ತಿದೆ, ಎರಡು ವರ್ಷ ಇದೇ ಒಲೆಯ ಮುಂದೆ ಕೂತರೂ ಭಾಗವ್ವ ಇದನ್ನು ನೋಡಿರಲಿಲ್ಲ, ಶೆಡ್ಡಿನೊಳಗೆ ಇಷ್ಟು ಬೆಳಕು ಬಂದದ್ದೇ ಇವತ್ತು — ಕಂಟ್ರಾಕ್ಟರನ ಜನ ಬೆಳಿಗ್ಗೆ ಬಂದು ಮೇಲಿನ ಎರಡು ತಗಡು ಬಿಚ್ಚಿಕೊಂಡು ಹೋದರು, ಉಳಿದದ್ದನ್ನು ಹನ್ನೆರಡು ಗಂಟೆಗೆ ಬಿಚ್ಚುತ್ತೇವೆ, ಅಷ್ಟರೊಳಗೆ ಖಾಲಿ ಮಾಡಿ ಅಂದರು, ಜೋರಾಗೇನೂ ಅನ್ನಲಿಲ್ಲ, ಅವರೂ ಹೇಳಿದ ಕೆಲಸ ಮಾಡುವವರೇ. ಈಶ್ವರನಗರದ ಈ ಬಿಲ್ಡಿಂಗು ಮುಗಿಯಿತು, ಬಣ್ಣ ಹೊಡೆದಾಯಿತು, ಲಿಫ್ಟು ಕೂತಾಯಿತು, ಇನ್ನು ಕಟ್ಟಿದವರು ಕಣ್ಣಿಗೆ ಕಾಣಬಾರದು, ಇದೇನು ಹೊಸದಲ್ಲ, ಈ ಕಡೆ ಬಂದ ಮೇಲೆ ಇದು ಹನ್ನೊಂದನೆಯ ಶೆಡ್ಡು, ಅಲ್ಲ, ಕಾಪುವಿನದು ಸೇರಿಸಿದರೆ ಹನ್ನೆರಡು, ಕಾಪುವಿನ ಶೆಡ್ಡಿನ ತಗಡು ಕಡಲ ಗಾಳಿಗೆ ಹಾರಿ ತೆಂಗಿನ ಮರಕ್ಕೆ ಹೋಗಿ ಬಡಿದಿತ್ತು, ಕಾರ್ಕಳದಲ್ಲಿ ಬಂಡೆ ಕಾದು ಸಂಜೆಯವರೆಗೂ ನೆಲ ಸುಡುತ್ತಿತ್ತು, ಪರ್ಕಳದಲ್ಲಿ ನೀರಿಗೆ ಅರ್ಧ ಮೈಲಿ. ಪ್ರತಿ ಸಲವೂ ಶೆಡ್ಡಿನಿಂದ ಶೆಡ್ಡಿಗೆ, ಈ ಸಲ ಹಾಗಲ್ಲ, ಕುಂಜಿಬೆಟ್ಟಿನಲ್ಲಿ ನಾಲ್ಕಂತಸ್ತಿನ ಫ್ಲ್ಯಾಟಿಗೆ ಗಂಡ ಈಶಪ್ಪನಿಗೆ ವಾಚ್‌ಮನ್ ಕೆಲಸ ಸಿಕ್ಕಿದೆ, ಮೆಟ್ಟಿಲ ಕೆಳಗೆ ರೂಮು, ಸಿಮೆಂಟಿನ ಗೋಡೆ, ಒಳಗೇ ನಲ್ಲಿ, ಬೆಳಕಿಗೆ ಟ್ಯೂಬ್‌ಲೈಟು — ಎಂಟಡಿ ಹತ್ತಡಿ. ಅಲ್ಲಿನ ಸೆಕ್ರೆಟರಿ ಮೊದಲೇ ಹೇಳಿಬಿಟ್ಟಿದ್ದಾರೆ, ನಿಮ್ಮ ಸಾಮಾನು ರೂಮಿನ ಒಳಗೆ ಹಿಡಿಯುವಷ್ಟು ಮಾತ್ರ ತನ್ನಿ, ಹೊರಗೆ ಎಂತದೂ ಕಾಣಬಾರದು, ಜನ ಬಂದು ಹೋಗುವ ಜಾಗ ಅಲ್ವಾ.

ಹಿಡಿಯುವಷ್ಟು, ಅಂದರೆ ಎಷ್ಟು, ಈಶಪ್ಪ ಬೆಳಿಗ್ಗೆ ಟೆಂಪೋ ತರಲು ಕುಂಟುತ್ತ ಹೊರಡುವಾಗ ಬಾಗಿಲಲ್ಲಿ ನಿಂತು ಲೆಕ್ಕ ಒಪ್ಪಿಸಿ ಹೋದ, ಎರಡು ಚೀಲ, ಒಂದು ಟ್ರಂಕ, ಗ್ಯಾಸ್, ಸವಿತಾನ ಪುಸ್ತಕ, ಮುಗೀತು, ಉಳಿದಿದ್ದ ಗುಜರಿಗೆ, ಆ ಕಲ್ಲ ಅಂತೂ ನನ್ನ ಕಣ್ಣಿಗೆ ಬೀಳಬಾರದು ನೋಡು. ಕಲ್ಲು ಅನ್ನುವಾಗ ಮುಖ ಆ ಕಡೆ ಮಾಡಿದ್ದ. ಮಗಳು ಸವಿತಾ ಪಿಯುಸಿ ಓದುವವಳು, ಅವಳ ಕೆಲಸವೆಲ್ಲ ಕಾಲೇಜಿನ ಹಾಗೆ, ನೆಲದ ಮೇಲೆ ಮೂರು ಗುಂಪು ಮಾಡಿದ್ದಾಳೆ, ಇದು ಬೇಕು, ಇದು ಬೇಡ, ಇದು ನೋಡುವ — ನೋಡೋಣಕ್ಕೆ ಇಲ್ಲಿಯವರ ಹಾಗೇ ನೋಡುವ ಅನ್ನುತ್ತಾಳೆ, ಎಂತ ಅನ್ನುತ್ತಾಳೆ, ಉಂಟು ಅನ್ನುತ್ತಾಳೆ, ಐತಿ ಅನ್ನುವುದು ತಾಯಿಯ ಹತ್ತಿರ ಮಾತ್ರ, ಅದೂ ಸಿಟ್ಟು ಬಂದಾಗ. ಬೇಡದ ಗುಂಪಿಗೆ ಅವಳು ಹಾಕಿದ್ದನ್ನು ಭಾಗವ್ವ ಎತ್ತಿ ನೋಡುವ ಗುಂಪಿಗೆ ಇಡುತ್ತಾಳೆ, ಹಿಡಿ ಮುರಿದ ಕುಡುಗೋಲು, ಅದಕ್ಕೆ ಹಿಡಿ ಹಾಕಿಸಿದರೆ ಆಯಿತು, ಸ್ಟೋವಿನ ಪಂಪು, ಸ್ಟೋವು ಎಲ್ಲಿ ಅವ್ವಾ, ಸ್ಟೋವು ಕಾರ್ಕಳದಲ್ಲೇ ಒಡೆಯಿತು, ಪಂಪು ಗಟ್ಟಿಯಿದೆ, ಪಂಪಿಗೆ ಸ್ಟೋವು ಸಿಗಬಹುದು, ಜರಡಿ, ಅದರ ತಳದಲ್ಲಿ ಕೈ ಹೋಗುತ್ತದೆ ಅವ್ವಾ, ಹೋಗಲಿ, ಸುತ್ತಿನ ಪಟ್ಟಿ ಗಟ್ಟಿಯಿದೆ. ಮೊಳೆಯ ಡಬ್ಬಿ, ಸೆಂಟ್ರಿಂಗಿನ ಹಲಗೆ ಬಿಚ್ಚಿದಾಗ ಬಿದ್ದ ಡೊಂಕು ಮೊಳೆಗಳನ್ನು ಆಯ್ದು ತಂದು, ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ತಟ್ಟಿ ನೆಟ್ಟಗೆ ಮಾಡಿದ್ದು, ಹತ್ತು ವರ್ಷದ ಮೊಳೆ, ಮೂರು ಕಿಲೋ ಆದರೂ ಇದ್ದಾವು, ಇದನ್ನು ಯಾರು ಬಿಸಾಡುತ್ತಾರೆ. ಅಲ್ಲಿ ಗೋಡೆಗೆ ಮೊಳೆ ಹೊಡೆಯಬಾರದಂತೆ ಅವ್ವಾ, ಸೆಕ್ರೆಟರಿ ಹೇಳಿದ್ದಾರೆ. ಒಂದು ಮೊಳೆಯನ್ನೂ ಹೊಡೆಯಬಾರದ ಮನೆ, ಹಾಗಾದರೆ ಅಂಗಿ ಎಲ್ಲಿ ತೂಗುಹಾಕುತ್ತಾರೆ. ಭಾಗವ್ವ ಡಬ್ಬಿಯನ್ನು ಬೇಕು ಅನ್ನುವ ಗುಂಪಿಗೇ ಇಟ್ಟಳು. ಇಂದ್ರಾಳಿಯ ಬೆನೆಡಿಕ್ಟಾ ಬಾಯಿ, ಅವರ ಮನೆಯಲ್ಲಿ ಭಾಗವ್ವ ಹತ್ತು ವರ್ಷದಿಂದ ಪಾತ್ರೆ ತೊಳೆಯುತ್ತಾಳೆ, ಅವರೂ ನಿನ್ನೆ ಹೇಳಿದರು, ಅದನ್ನೆಲ್ಲ ಕೊಡಿ ಗುಜರಿಯವನಿಗೆ ಮಾರಾಯ್ತಿ, ಮನೆ ಬದಲಾಯಿಸುವಾಗ ಮನಸ್ಸು ಗಟ್ಟಿ ಮಾಡಬೇಕು — ಹೇಳುತ್ತ ನಿಂತದ್ದು ಎಲ್ಲಿ, ತಮ್ಮ ಅಟ್ಟದ ಕೆಳಗೆ, ಅಟ್ಟದ ಮೇಲೆ ತೀರಿಹೋದ ಗಂಡ ಮಸ್ಕತ್ತಿನಿಂದ ತಂದ ಏಳು ಸೂಟ್‌ಕೇಸು, ಒಂದಕ್ಕೂ ಬೀಗದಕೈ ಇಲ್ಲ. ಅವರಿಗೆ ಅಟ್ಟ ಉಂಟು, ಅಷ್ಟೇ ವ್ಯತ್ಯಾಸ.

ಕಲ್ಲು ಯಾವ ಗುಂಪಿನಲ್ಲೂ ಇಲ್ಲ, ಮೂಲೆಯಲ್ಲಿ ಹಳೇ ಸೀರೆಯ ತುಂಡು ಹೊದ್ದು ಕೂತಿದೆ, ಸವಿತಾ ಅದರ ತಂಟೆಗೆ ಹೋಗಿಲ್ಲ, ಹೋದರೆ ಏನಾಗುತ್ತದೆ ಅಂತ ಗೊತ್ತು. ಬೀಸುವ ಕಲ್ಲು, ಅದರಲ್ಲೂ ಅರ್ಧ, ಮೇಲಿನದು ಮಾತ್ರ, ನಡುವೆ ಕಾಳು ಹಾಕುವ ಕಣ್ಣು, ಪಕ್ಕಕ್ಕೆ ಗೂಟ, ಗೂಟ ಭಾಗವ್ವನ ಅವ್ವನ ಕೈಯಲ್ಲಿ ಸವೆದು ಸವೆದು ಸೊಂಟ ಸಣ್ಣ ಮಾಡಿಕೊಂಡಿದೆ, ಕೆಳಗಿನ ಕಲ್ಲು ಇಲ್ಲದೆ ಇದು ಏನನ್ನೂ ಬೀಸುವುದಿಲ್ಲ, ಎಂಟು ವರ್ಷದಿಂದ ಏನನ್ನೂ ಬೀಸಿಲ್ಲ. ಕುಷ್ಟಗಿಯ ಹತ್ತಿರದ ಊರಿನಲ್ಲಿ ಅವ್ವ ಇದರ ಮುಂದೆ ಒಂದು ಕಾಲು ಚಾಚಿ ಒಂದು ಕಾಲು ಮಡಚಿ ಕೂರುತ್ತಿದ್ದಳು, ಬೀಸುವಾಗ ಅವಳ ಮೂಗಿನ ತುದಿಗೆ ಹಿಟ್ಟು ಹತ್ತುತ್ತಿತ್ತು, ವರ್ಷಕ್ಕೊಮ್ಮೆ ಉಳಿ ಸುತ್ತಿಗೆ ಹಿಡಿದ ಹೆಂಗಸು ಓಣಿಗೆ ಬರುತ್ತಿದ್ದಳು, ಕಲ್ಲಿನ ಹೊಟ್ಟೆ ಕಟೆದು ಮತ್ತೆ ತರಿ ಮಾಡಿಕೊಡುತ್ತಿದ್ದಳು, ಆ ಟಕ್ ಟಕ್ ಸದ್ದು, ಸಣ್ಣ ಸಣ್ಣ ಕಿಡಿ. ಅವ್ವ ಸತ್ತ ಮೇಲೆ ಅತ್ತಿಗೆಗೆ ಬೇಡವಾಯಿತು, ಊರಿಗೆ ಗಿರಣಿ ಬಂದಿತ್ತು, ಭಾಗವ್ವ ಎರಡೂ ಕಲ್ಲನ್ನು ಕೌದಿಯಲ್ಲಿ ಸುತ್ತಿ ಉಡುಪಿಯ ಬಸ್ಸು ಹತ್ತಿಸಿದಳು, ಏನವ್ವಾ ಇದು ಅಂತ ಕಂಡಕ್ಟರ್ ಕೌದಿ ಎತ್ತಲು ಹೋಗಿ ಸೊಂಟ ಹಿಡಿದುಕೊಂಡ, ಈಶಪ್ಪ ನಾಚಿಕೆಯಿಂದ ಕಿಟಕಿಯ ಹೊರಗೆ ನೋಡುತ್ತ ಕೂತ. ಆದರೆ ಇಲ್ಲಿ ಬಂದ ಮೇಲೆ ಅದೇ ಕಲ್ಲು ಅನ್ನ ಹಾಕಿತು, ಅನ್ನ ಅಲ್ಲ, ರೊಟ್ಟಿ, ಇಲ್ಲಿಯ ಮಿಲ್ಲಿನವನು ಜೋಳ ಹಾಕುವುದಿಲ್ಲ ಅಕ್ಕ, ಅಕ್ಕಿ ಮಾತ್ರ ಅಂದಿದ್ದ, ಅಕ್ಕಿ ಉಂಡು ಉಂಡು ಈಶಪ್ಪನ ಹೊಟ್ಟೆ ತುಂಬುತ್ತಿರಲಿಲ್ಲ, ಮಧ್ಯಾಹ್ನ ಮೂರಕ್ಕೇ ಗಾರೆಯ ಕರಣಿ ಕೆಳಗಿಟ್ಟು ಕೂತುಬಿಡುತ್ತಿದ್ದ. ಒಮ್ಮೆ ಅವನು ಬೀಡಿ ಸೇದುತ್ತ ಕಲ್ಲಿನ ಮೇಲೆ ಕೂತಿದ್ದಕ್ಕೆ ಅವಳು ಎಷ್ಟು ಕೂಗಿದ್ದಳು, ನಮ್ಮವ್ವನ ತಲಿ ಮ್ಯಾಲ ಕುಂತಂಗ ಕುಂತೀಯಲ್ಲ, ಇನ್ನೊಮ್ಮೆ ಈ ಕಲ್ಲ ಮುಟ್ಟಿದ್ರ ನೋಡು ಅಂತ, ಸಾಲು ಶೆಡ್ಡಿನವರೆಲ್ಲ ಹೊರಗೆ ಬಂದು ನಕ್ಕಿದ್ದರು. ಅವನೂ ನಕ್ಕಿದ್ದ. ಆಮೇಲೆ ಎಂದೂ ಮುಟ್ಟಲಿಲ್ಲ.

ತೊಂಬತ್ತೊಂಬತ್ತರ ಮಾರ್ಚ್ ತಿಂಗಳು, ಅವಳು ಬೆನೆಡಿಕ್ಟಾ ಬಾಯಿಯ ಹಿತ್ತಿಲಲ್ಲಿ ಬಂಗುಡೆ ಮೀನಿನ ಪಾತ್ರೆ ಉಜ್ಜುತ್ತಿದ್ದಾಗ ಯಾರೋ ಓಡಿ ಬಂದು ಹೇಳಿದ್ದು, ಈಶಪ್ಪ ಬಿದ್ದಾನ, ಮೂರನೆಯ ಮಾಳಿಗೆಯಿಂದ, ಕಿಟಕಿಯ ಮೇಲೆ ಚಾಚಿದ ಸಜ್ಜೆಗೆ ಪ್ಲಾಸ್ಟರ್ ಹಾಕುತ್ತಿದ್ದ, ಹಲಗೆ ಎದ್ದುಬಿಟ್ಟಿತು. ಕೈಯ ಬೂದಿ ತೊಳೆಯದೆ ಓಡಿದ್ದು, ಆಸ್ಪತ್ರೆಯ ಬಿಳಿ ಚಾದರಕ್ಕೆ ಬೂದಿ ಹತ್ತಿ ನರ್ಸ್ ಬೈದದ್ದು, ಎಡಗಾಲಿನಲ್ಲಿ ಸರಳು ಹಾಕಿದ್ದು, ಆ ಕಾಲು ಎರಡು ಬೆರಳು ಗಿಡ್ಡವಾಗಿ ಉಳಿದದ್ದು. ಕಿಟಕಿಯಿಂದ ಹೊರಗೆ ಹಲಗೆ ಚಾಚಿ, ಒಳಗಿನ ತುದಿಗೆ ಮರಳಿನ ಚೀಲ ಹೇರಿ, ಹೊರತುದಿಯಲ್ಲಿ ನಿಂತು ಕೆಲಸ ಮಾಡುವುದು, ಎಲ್ಲರೂ ಮಾಡುತ್ತಿದ್ದರು, ಚೀಲ ಹರಿದು ಮರಳು ಸೋರಿ ಹೋಯಿತು ಅಂತ ಎಲ್ಲರೂ ಹೇಳಿದರು, ಅವಳೂ ಹಾಗೇ ನಂಬಿದಳು, ನಂಬದೆ ಏನು, ಚೀಲಗಳು ಹರಿಯುತ್ತವೆ. ಹದಿನೆಂಟು ದಿನ ಆಸ್ಪತ್ರೆಯಲ್ಲಿ, ತಿರುಗಿ ಬರುವಾಗ ಆ ಕೆಲಸ ಮುಗಿದು ಶೆಡ್ಡುಗಳು ಎದ್ದುಹೋಗಿದ್ದವು, ಅವರ ಸಾಮಾನನ್ನು ಕರಿಬಸವ ಮತ್ತು ಅವನ ಹೆಂಡತಿ ಅನ್ನಪೂರ್ಣ ತಮ್ಮ ಜೊತೆ ಅಲೆವೂರಿನ ಕಡೆಯ ಹೊಸ ಶೆಡ್ಡಿಗೆ ಸಾಗಿಸಿ ಇಟ್ಟಿದ್ದರು, ಕರಿಬಸವ ಈಶಪ್ಪನ ಜೋಡಿ ಮೇಸ್ತ್ರಿ, ಒಂದೇ ಊರಿನ ಕಡೆಯವನು, ಎಲ್ಲ ಸಾಮಾನೂ ಇತ್ತು, ಒಂದು ಚಮಚ ಕಡಿಮೆ ಇರಲಿಲ್ಲ, ಕೆಳಗಿನ ಕಲ್ಲು ಇರಲಿಲ್ಲ. ಎಲ್ಲೈತಿ ಅಂದರೆ ಗೊತ್ತಿಲ್ಲ ಅಂದರು. ಇಪ್ಪತ್ತು ಕಿಲೋ ಕಲ್ಲು, ಗೊತ್ತಿಲ್ಲದೆ ನಡೆದುಕೊಂಡು ಹೋಯಿತೇ — ನಲ್ಲಿಯ ಹತ್ತಿರ, ಎಲ್ಲರ ಕೊಡಗಳ ನಡುವೆ, ಭಾಗವ್ವ ಅನ್ನಪೂರ್ಣಳನ್ನು ಕಳ್ಳಿ ಅಂದಳು, ನನ್ನ ಗಂಡ ಸಾಯಾಕ ಬಿದ್ದಾಗ ನಮ್ಮವ್ವನ ಕಲ್ಲ ಮಾರಿಕೊಂಡಿ ಅಂದಳು, ಅನ್ನಪೂರ್ಣ ತುಟಿ ಪಿಟ್ಟೆನ್ನಲಿಲ್ಲ, ಕೊಡ ತುಂಬಿ ಹೊರಗೆ ಚೆಲ್ಲುತ್ತಿದ್ದರೂ ನಲ್ಲಿ ನಿಲ್ಲಿಸದೆ ನಿಂತಿದ್ದಳು, ಮಾತಾಡದಿದ್ದದ್ದೇ ಸಾಕ್ಷಿ ಅನ್ನಿಸಿತು, ಅಂದಿನಿಂದ ಎರಡು ಮನೆಗೂ ಮಾತಿಲ್ಲ. ಹೋದ ದೀಪಾವಳಿಗೆ ಕರಿಬಸವ ಕಾಮಾಲೆಯಾಗಿ ತೀರಿಕೊಂಡ, ಈಶಪ್ಪ ಹೋಗಿ ಮಣ್ಣು ಹಾಕಿ ಬಂದ, ಅವಳು ಹೋಗಲಿಲ್ಲ, ಬೆನೆಡಿಕ್ಟಾ ಬಾಯಿಯ ಮನೆಯಲ್ಲಿ ನೆಂಟರಿದ್ದಾರೆ ಅಂದಳು, ನೆಂಟರು ಇರಲಿಲ್ಲ.

ಅವ್ವಾ, ಯಾರೋ ಬಂದಿದ್ದಾರೆ, ಸವಿತಾ ಬಾಗಿಲಲ್ಲಿ ನಿಂತು ಹೇಳುತ್ತಿದ್ದಾಳೆ, ಯಾರೋ ಅಲ್ಲ, ಅನ್ನಪೂರ್ಣ, ಆ ನಿಲ್ಲುವ ರೀತಿ ದೂರದಿಂದಲೇ ಗೊತ್ತಾಗುತ್ತದೆ, ಸೆರಗನ್ನು ಎರಡು ಕೈಯಲ್ಲೂ ಹಿಡಿದು, ಒಳಗೆ ಬರಲೋ ಬೇಡವೋ ಅಂತ, ಕೈಯಲ್ಲಿ ಬಳೆ ಇಲ್ಲ, ಕೂದಲು ಇಷ್ಟು ಬೇಗ ಬೆಳ್ಳಗಾಯಿತೇ. ನಂದಿಕೂರಿನಿಂದ ಬಂದೆ ಭಾಗಕ್ಕ, ಅಲ್ಲಿ ಈಗ ದೊಡ್ಡ ಕೆಲಸ ನಡೆದೈತಿ, ನಾನೂ ನಮ್ಮ ಹುಡುಗ ದುರ್ಗೇಶನೂ ಅಲ್ಲೇ ಅದೀವಿ, ನೀವು ಕುಂಜಿಬೆಟ್ಟಿಗೆ ಹೊಂಟೀರಿ ಅಂತ ಕೇಳಿದೆ, ಪಡುಬಿದ್ರಿ ಬಸ್ಸ ಹಿಡಿದು ಉಡುಪಿಗೆ ಬಂದು ಅಲ್ಲಿಂದ ಇಲ್ಲಿಗೆ. ಹೂಂ, ಬಾ, ಅಂದಳು ಭಾಗವ್ವ, ಬಾ ಅನ್ನದೆ ಇರಲು ಆಗದ್ದಕ್ಕೆ, ಕೂರಲು ತೋರಿಸೋಣ ಅಂದರೆ ಮೂರು ಗುಂಪಿನ ನಡುವೆ ಜಾಗವಿಲ್ಲ, ಸವಿತಾ ನೀರು ತಂದುಕೊಟ್ಟು ಪುಸ್ತಕ ಕಟ್ಟಲು ಹೊರಗೆ ಹೋದಳು, ಚುರುಕು ಹುಡುಗಿ, ದೊಡ್ಡವರ ನಡುವೆ ನಿಲ್ಲುವುದಿಲ್ಲ. ಅನ್ನಪೂರ್ಣ ನೀರು ಕುಡಿದು ಲೋಟವನ್ನು ಎಲ್ಲಿಡುವುದು ಅಂತ ನೋಡುತ್ತ ಸುತ್ತಲೂ ಕಣ್ಣಾಡಿಸುತ್ತಾಳೆ, ಕುಡುಗೋಲು, ಪಂಪು, ಮೊಳೆಯ ಡಬ್ಬಿ — ಏನೂ ಬಿಟ್ಟಿಲ್ಲ ಬಿಡು ನೀನು ಅಂತ ಸ್ವಲ್ಪ ನಗುತ್ತಾಳೆ, ಆಮೇಲೆ ಮೂಲೆಯಲ್ಲಿ ಸೀರೆಯ ತುಂಡು, ಅದರ ಕೆಳಗಿನ ದುಂಡು, ನಗು ನಿಂತುಹೋಗುತ್ತದೆ. ಅದನ್ನ ಇನ್ನೂ ಇಟಗೊಂಡೀಯೇನ ಭಾಗಕ್ಕ. ಇಟಗೊಳ್ಳದೆ, ಅಂದಳು ಭಾಗವ್ವ, ಎಂಟು ವರ್ಷ ಬಾಯಲ್ಲೇ ಇಟ್ಟುಕೊಂಡ ಮಾತು ತಾನಾಗಿ ಹೊರಗೆ ಬಂತು, ಉಳಿದರ್ಧ ನಿನ್ನ ಕಡೆ ಇತ್ತಲ್ಲ, ಒಂದು ದಿನ ಕೊಟ್ಟೀ ಅಂತ ಇಟಗೊಂಡೆ. ಹೇಳಿದ ಕೂಡಲೇ ಹೇಳಬಾರದಿತ್ತು ಅನ್ನಿಸಿತು, ಗಂಡ ಸತ್ತು ಏಳು ತಿಂಗಳಾದವಳಿಗೆ, ಅದೂ ಮನೆಗೆ ಬಂದವಳಿಗೆ.

ಅನ್ನಪೂರ್ಣ ಲೋಟವನ್ನು ಒಲೆಯ ಕಟ್ಟೆಯ ಮೇಲೆ, ಬಿಸಿಲಿನಲ್ಲಿ ಇಟ್ಟಳು. ಅದನ್ನ ಹೇಳಾಕ ಬಂದೆ ಅಂದಳು, ಇವರು ಸಾಯೂ ಮುಂದ ಹೇಳಿದ್ರು, ಇನ್ನು ಸಾಕು, ಆಣೆ ಕೊಟ್ಟಾಂವ ನಾನು, ನಾನ ಹೊಂಟೆ, ನೀ ಹೋಗಿ ಹೇಳಿಬಿಡು ಅಂತ. ಯಾವ ಆಣೆ, ಯಾರಿಗೆ. ಅಣ್ಣಗ. ಈಶಪ್ಪಣ್ಣಗ. ಮರಳಿನ ಚೀಲ ಇರಲಿಲ್ಲ ಭಾಗಕ್ಕ, ಅವತ್ತ ಕೆಲಸ ಮುಗಿಯಾಕ ಬಂದಿತ್ತು, ಮರಳೆಲ್ಲ ಬ್ಯಾರೆ ಕಡೆ ಹೇರಿಬಿಟ್ಟಿದ್ರು, ಸಿಮೆಂಟಿನ ಖೋಲಿಗೆ ಕೀಲಿ ಹಾಕಿ ಸೂಪರ್‌ವೈಸರ್ ಚಾ ಕುಡಿಯಾಕ ಹೋಗಿದ್ದ, ಒಂದ ಸಜ್ಜೆ ಉಳಿದಿತ್ತು, ಅದರ ಒಂದ ಮೂಲಿ, ಐದ ನಿಮಿಷದ ಕೆಲಸ ಅಂತ ಅಣ್ಣ ಶೆಡ್ಡಿಗೆ ಹೋಗಿ, ಹಲಗಿ ತುದಿಗೆ ಹೇರಾಕ ನಿನ್ನ ಕೆಳಗಿನ ಕಲ್ಲ ತಗೊಂಡು ಬಂದ, ನೀನು ಬಾಯಾರ ಮನಿಗೆ ಹೋಗಿದ್ದಿ, ಹೆಗಲ ಮ್ಯಾಲ ಹೊತ್ತುಕೊಂಡು ಮೂರ ಮಾಳಿಗಿ ಹತ್ತಿದ. ಒಂದ ಸಾಲೂದಿಲ್ಲೋ, ಮ್ಯಾಲಿನ ಕಲ್ಲೂ ತಗೊಂಡು ಬಾ ಅಂತ ಇವರು ಅಂದ್ರಂತ, ಬ್ಯಾಡ, ಅದನ್ನ ಬಟ್ಟಿ ಮುಚ್ಚಿ ಹಂಗ ಇಟ್ಟು ಬಂದೀನಿ, ಎರಡೂ ಒಯ್ದರ ಅಕಿ ಬಂದ ಕೂಡಲೆ ಗೊತ್ತಾಗತೈತಿ, ಮುಟ್ಟಿದ್ರ ನನ್ನ ಸುಮ್ಮನ ಬಿಡೂದಿಲ್ಲ ಅಂತ ಅಣ್ಣ ನಕ್ಕನಂತ, ನಕ್ಕೋತ ಹಲಗಿ ಮ್ಯಾಲ ಕಾಲ ಇಟ್ಟನಂತ. ಹೊರಗೆ ಸವಿತಾ ಹಗ್ಗ ಬಿಗಿಯುತ್ತಿದ್ದಾಳೆ, ಹಗ್ಗದ ಗಂಟು ಎಳೆಯುವ ಸದ್ದು, ಒಂದು, ಎರಡು, ಅನ್ನಪೂರ್ಣ ಹೇಳುತ್ತಲೇ ಇದ್ದಾಳೆ, ತಲೆ ತಗ್ಗಿಸಿ ಹೇಳುತ್ತಿದ್ದಾಳೆ, ಒಳಗಿನ ತುದಿ ಎದ್ದು ಕಲ್ಲು ಜಾರಿಕೊಂಡು ಕಿಟಕಿಯಿಂದ ಅಣ್ಣನ ಹಿಂದೇನ ಬಿತ್ತು, ಅಣ್ಣನ ತಲಿಯಿಂದ ಒಂದ ಗೇಣು ಆ ಕಡೆ, ಬಿದ್ದು ಮೂರ ತುಂಡಾತು. ಹಲಗಿ ಕಿಟಕ್ಯಾಗ ಸಿಕ್ಕೊಂಡಿತ್ತು, ಹಿಂದಿನ ದಿನ ನೀ ಬೀಸಿದ್ದಿ ಅಲ್ಲ, ಕಲ್ಲಿನ ಸಂದ್ಯಾಗ ಇದ್ದ ಹಿಟ್ಟ ಹಲಗಿ ಉದ್ದಕ ಬೆಳ್ಳಗ ಗೆರಿ ಬಿದ್ದಿತ್ತಂತ, ಒಳಗಿನ ತುದಿಯಿಂದ ಕಿಟಕಿ ತನಕಾ, ಇವರು ರುಮಾಲು ತಗೊಂಡು ಆ ಗೆರಿ ಒರಸಿ, ಕೆಳಗ ಓಡಿ ಬಂದು ತುಂಡುಗಳನ್ನ ಪಾಯಖಾನಿ ಗುಂಡ್ಯಾಗ ಹಾಕಿ ಮಣ್ಣ ಎಳೆದ್ರು, ಸೂಪರ್‌ವೈಸರ್ ನೋಡಿದ್ರ ನಿಮ್ಮ ತಪ್ಪು ನೀವ ಅನುಭೋಗಸ್ರಿ ಅಂತಿದ್ದ, ಆಸ್ಪತ್ರೆ ಖರ್ಚು ಕೊಡತಿದ್ದಿಲ್ಲ, ಅದಕ್ಕ ಚೀಲ ಹರೀತು ಅಂದ್ರು. ಅದು ಅವರಿಗೆ, ನನಗ್ಯಾಕ ಹೇಳಲಿಲ್ಲ ಅಂದಳು ಭಾಗವ್ವ, ಅಥವಾ ಅನ್ನಬೇಕು ಅಂದುಕೊಂಡಳು, ಅಂದಿರಬೇಕು, ಯಾಕೆಂದರೆ ಅನ್ನಪೂರ್ಣ ಉತ್ತರ ಕೊಡುತ್ತಿದ್ದಾಳೆ, ಅಣ್ಣ ಬ್ಯಾಡ ಅಂದ, ದವಾಖಾನ್ಯಾಗ ಎಚ್ಚರ ಆದ ಕೂಡಲೆ ಇವರ ಕೈ ಹಿಡಿದು ಅದನ್ನ ಮೊದಲ ಹೇಳಿದ, ಅಕಿಗೆ ತಿಳಿಯಬಾರದು, ಅವರವ್ವನ ಕಲ್ಲಿನಿಂದ ಹಿಂಗಾತು ಅಂತ ಗೊತ್ತಾದ್ರ ಜೀವಾ ತಿಂದುಕೋತಾಳ ಅಂತ.

ನಲ್ಲಿಯ ಹತ್ತಿರ ತುಂಬಿ ಚೆಲ್ಲುತ್ತಿದ್ದ ಕೊಡ, ಅಷ್ಟು ಹೊತ್ತು ಸುಮ್ಮನೆ ನಿಂತಿದ್ದಳಲ್ಲ ಇವಳು, ಕಳ್ಳಿ ಅನ್ನಿಸಿಕೊಳ್ಳುತ್ತ, ಅಷ್ಟು ಜನರ ಎದುರು, ಒಂದು ಮಾತು ಸಾಕಿತ್ತು. ಆ ಮಾತನ್ನು ಎಂಟು ವರ್ಷ ಹೊತ್ತುಕೊಂಡು ಪರ್ಕಳ, ಕಾಪು, ನಂದಿಕೂರು ಅಂತ ತಿರುಗಿದಳು, ಭಾಗವ್ವ ಹೊತ್ತದ್ದು ಕಲ್ಲು. ಕಲ್ಲು ಒಗಿ ಕಲ್ಲು ಒಗಿ ಅಂತ ಪ್ರತಿ ಶೆಡ್ಡು ಬಿಡುವಾಗಲೂ ಈಶಪ್ಪ ಯಾಕೆ ಜಗಳ ತೆಗೆಯುತ್ತಿದ್ದ, ಬೇರೆ ಯಾವ ಸಾಮಾನಿನ ಮೇಲೂ ಅವನಿಗೆ ಅಷ್ಟು ಸಿಟ್ಟಿರಲಿಲ್ಲ, ಮೊಳೆಯ ಡಬ್ಬಿಯನ್ನು ತಾನೇ ಎತ್ತಿಡುತ್ತಿದ್ದ, ಕಲ್ಲು ಇದ್ದ ಮೂಲೆಗೆ ಮಾತ್ರ ಕಾಲು ಚಾಚಿ ಮಲಗುತ್ತಿರಲಿಲ್ಲ, ಇದೆಲ್ಲ ಅವಳು ನೋಡಿಯೇ ಇದ್ದಳು, ನೋಡಿ ಬೇರೆ ಏನೋ ಅಂದುಕೊಂಡಿದ್ದಳು, ಭಾರ ಹೊರಲಾರದ್ದಕ್ಕೆ ಅಂತ, ಸೋಮಾರಿತನ ಅಂತ. ಮುಟ್ಟಿದ್ರ ನೋಡು ಅಂದದ್ದು ತಾನೇ. ನಗುತ್ತ ಅಂದಿದ್ದರೂ ಆಗುತ್ತಿತ್ತು. ಮೇಲಿನದನ್ನೂ ಒಯ್ದಿದ್ದರೆ — ಎರಡೂ ಸೇರಿದರೆ ಎಷ್ಟು ಭಾರ, ಸಾಲುತ್ತಿತ್ತೇ, ಅನ್ನಪೂರ್ಣಾ, ಎರಡೂ ಇದ್ದಿದ್ರ ಹಲಗಿ ಏಳತಿದ್ದಿಲ್ಲ ಹೌದಿಲ್ಲೋ, ಕೇಳಿದಳು. ಅನ್ನಪೂರ್ಣ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು, ಇವರು ಸಾಯೂ ತನಕಾ ಅದನ್ನ ಅಂತಿದ್ರು ಅಂದಳು, ಆಮೇಲೆ, ಯಾರಿಗೆ ಗೊತ್ತ ಭಾಗಕ್ಕ, ಎರಡೂ ಬಿದ್ದಿದ್ರ ಒಂದರೆ ತಲಿ ಮ್ಯಾಲ ಬೀಳತಿತ್ತೇನೋ. ಅದೂ ಹೌದು. ಅದೂ ಆಗಬಹುದಿತ್ತು.

ಭಾಗವ್ವ ಎದ್ದಳು, ಬೇಕು ಅನ್ನುವ ಗುಂಪಿನ ಮೇಲೆಯೇ ಇತ್ತು ರೊಟ್ಟಿಯ ಹಂಚು, ಕಬ್ಬಿಣದ್ದು, ಇವತ್ತು ಬೆಳಿಗ್ಗೆಯೂ ಅಂಗಡಿ ಹಿಟ್ಟಿನ ರೊಟ್ಟಿ ಬೇಯಿಸಿದ್ದು, ಹತ್ತು ವರ್ಷದ ಎಣ್ಣೆ ಕುಡಿದು ಕನ್ನಡಿಯ ಹಾಗೆ ಆಗಿದೆ, ಇಂಥ ಹಂಚು ಅಂಗಡಿಯಲ್ಲಿ ಸಿಗುವುದಿಲ್ಲ, ಹೊಸದನ್ನು ತಂದು ಪಳಗಿಸಲು ಒಂದು ಮಳೆಗಾಲ ಬೇಕು. ಅದನ್ನು ತೆಗೆದು ಹಳೇ ಪೇಪರಿನಲ್ಲಿ ಸುತ್ತಿ ಅನ್ನಪೂರ್ಣಳ ಕೈಗೆ ಕೊಟ್ಟಳು. ಇದ್ಯಾಕ, ನಿನಗ ಬೇಕಲ್ಲ. ಗ್ಯಾಸಿಗೆ ಸಣ್ಣದು ತಗೋತೀನಿ, ತಗೋ. ಎಂಟು ವರ್ಷಕ್ಕೆ ತಪ್ಪಾತು ಅನ್ನುವ ಮೂರಕ್ಷರದ ಹಾದಿಯಲ್ಲಿ ಏನೇನೋ ಅಡ್ಡ ನಿಂತಿದೆ, ತಗೋ ತಂಗಿ ಅಂದಳು, ತಂಗಿ ಅಂದದ್ದು ಎಷ್ಟು ಕಾಲದ ಮೇಲೆ, ಅನ್ನಪೂರ್ಣ ಹಂಚನ್ನು ಎದೆಗೆ ಒತ್ತಿಕೊಂಡು ಅತ್ತಳು, ಭಾಗವ್ವ ಅಳಲಿಲ್ಲ, ಅವಳ ಬೆನ್ನ ಮೇಲೆ ಕೈಯಿಟ್ಟು ನಿಂತಳು, ತೆಳ್ಳಗಿನ ಬೆನ್ನು, ಕರಿಬಸವ ಸತ್ತ ದಿನವೇ ಇಲ್ಲಿ ಕೈ ಇಡಬೇಕಿತ್ತು. ನಿಮ್ಮಣ್ಣಗ ಹೇಳಬ್ಯಾಡ ನನಗ ಗೊತ್ತಾಗೈತಿ ಅಂತ, ಅಂದಳು. ಅನ್ನಪೂರ್ಣ ತಲೆಯಾಡಿಸಿದಳು, ಮತ್ತೊಂದು ಆಣೆ ಬೇಡ ಅನ್ನುವ ಹಾಗೆ ಅದಕ್ಕೆ ಬಾಯಿಬಿಟ್ಟು ಹೂಂ ಅನ್ನಲಿಲ್ಲ.

ಟೆಂಪೋದ ಹಾರನ್ ಕೇಳಿತು, ಡ್ರೈವರ್ ಕಿಟ್ಟನ ಟೆಂಪೋ, ಹಿಮ್ಮುಖವಾಗಿ ಬಂದು ನಿಂತಿತು, ಈಶಪ್ಪ ಮುಂದಿನಿಂದ ಇಳಿಯುತ್ತಿದ್ದಾನೆ, ಮೊದಲು ಬಲಗಾಲು, ಆಮೇಲೆ ಕೈಯಿಂದ ಎತ್ತಿ ಎಡಗಾಲು, ಅನ್ನಪೂರ್ಣಳನ್ನು ನೋಡಿದವನೇ ಒಂದು ಗಳಿಗೆ ನಿಂತ, ಅವಳ ಮುಖ, ಹೆಂಡತಿಯ ಮುಖ, ಮತ್ತೆ ಅವಳ ಮುಖ. ಹೆಂಗ ಬಂದಿವಾ ಅಂದ. ಹಿಂಗ ಅಣ್ಣ, ಅಕ್ಕನ್ನ ನೋಡಿ ಹೋಗೂಣಂತ. ಅಷ್ಟೇ. ಸಾಮಾನು ಹೊರುವುದು ಶುರುವಾಯಿತು, ಸವಿತಾ ಟ್ರಂಕು ಹಿಡಿದಳು, ಕಿಟ್ಟ ಗ್ಯಾಸಿನ ಒಲೆ ತೆಗೆದುಕೊಂಡು ಹೋದ, ಅನ್ನಪೂರ್ಣ ಚೀಲ, ಬೇಕು ಅನ್ನುವ ಗುಂಪು ಹೋಯಿತು, ನೋಡುವ ಗುಂಪಿನ ಮುಂದೆ ಸವಿತಾ ಸೊಂಟದ ಮೇಲೆ ಕೈಯಿಟ್ಟು ನಿಂತಳು, ಇದು ಎಂತ ಮಾಡುವುದು ಅವ್ವಾ. ಇರಲಿ, ಬಿಡು, ಅಂದಳು ಭಾಗವ್ವ. ಬಿಡು ಅಂದರೆ, ತೆಗೆದುಕೊಂಡು ಹೋಗುವುದಾ ಬಿಟ್ಟು ಹೋಗುವುದಾ. ಬಿಟ್ಟು. ಸವಿತಾ ನಂಬದೆ ನೋಡಿದಳು, ಕುಡುಗೋಲು, ಪಂಪು, ಜರಡಿ, ಎಲ್ಲವೂ ಅಲ್ಲೇ ಉಳಿದವು, ಬಿಡುವುದು ಇಷ್ಟು ಸುಲಭ ಅಂತ ಗೊತ್ತಿದ್ದರೆ ಪರ್ಕಳದಲ್ಲೇ ಬಿಡಬಹುದಿತ್ತು, ಅಥವಾ ಇವತ್ತಿನವರೆಗೂ ಸುಲಭ ಇರಲಿಲ್ಲ. ಕಲ್ಲಿನ ಮುಂದೆ ಬಂದು ನಿಂತಳು, ಸೀರೆಯ ತುಂಡು ತೆಗೆದಳು, ಇದನ್ನೂ ಬಿಡಬೇಕು, ಇವನಿಗಾಗಿ ಬಿಡಬೇಕು, ಎಂಟು ವರ್ಷ ಇವನ ಕಣ್ಣೆದುರು ಇಟ್ಟಿದ್ದೇನೆ, ಇಲ್ಲೇ ಇರಲಿ, ಹನ್ನೆರಡಕ್ಕೆ ಬರುವವರು ಎತ್ತಿ ಎಲ್ಲಿಗಾದರೂ ಹಾಕಲಿ, ಬಾಯಿ ತೆರೆದಳು, ಅಷ್ಟರಲ್ಲಿ ಈಶಪ್ಪ ಅವಳನ್ನು ದಾಟಿ ಬಂದು ಬಗ್ಗಿದ, ಎಡಗಾಲು ಮಡಚಲಾರದ್ದಕ್ಕೆ ಪಕ್ಕಕ್ಕೆ ಚಾಚಿ, ಎರಡೂ ಕೈಯಿಂದ ಕಲ್ಲನ್ನು ಎತ್ತಿ ಹೊಟ್ಟೆಗೆ ಆನಿಸಿಕೊಂಡು ಮೇಲೆದ್ದ, ಕುತ್ತಿಗೆಯ ನರ ಉಬ್ಬಿತು, ಹೊಂಡು ಅತ್ಲಾಗ, ಹಾದಿ ಬಿಡು, ಅಂದ. ಒಗಿ ಒಗಿ ಅಂತಿದ್ರಿ, ಅಂದಳು ಭಾಗವ್ವ. ಅಂತಿದ್ದೆ, ಅಲ್ಲಿ ಗೇಟಿನ ಬಾಗಲಾ ಗಾಳಿಗೆ ಬಡಕೋತೈತಿ, ಅದಕ್ಕ ಅಡ್ಡ ಇಡಾಕ ಆಗತೈತಿ ಬಿಡು. ಎಂತ ಅಣ್ಣ, ಕಲ್ಲು ಸಹ ಉಂಟಾ, ಗಾಡಿಯಲ್ಲಿ ಮನುಷ್ಯರಿಗೆ ಜಾಗ ಬೇಡವಾ ಮಾರಾಯ್ರೆ, ಕಿಟ್ಟ ನಗುತ್ತ ಹಿಂದಿನ ಬಾಗಿಲು ತೆರೆದು ಹಿಡಿದ. ಈಶಪ್ಪನೂ ನಕ್ಕ. ಅವನಿಗೆ ಗೊತ್ತಾಯಿತೇ, ಅವಳಿಗೆ ಗೊತ್ತಾದದ್ದು ಅವನಿಗೆ ಗೊತ್ತಾಯಿತೇ, ಮುಖದಲ್ಲಿ ಏನೂ ಇಲ್ಲ, ಬೆವರು ಮಾತ್ರ.

ಮುಂದೆ ಕಿಟ್ಟ, ಈಶಪ್ಪ, ನಡುವೆ ಸವಿತಾ, ಹಿಂದೆ ಸಾಮಾನಿನ ಜೊತೆ ಭಾಗವ್ವ, ಟ್ರಂಕಿನ ಮೇಲೆ ಕೂತು ಎರಡೂ ಪಾದಗಳ ನಡುವೆ ಕಲ್ಲನ್ನು ಒತ್ತಿ ಹಿಡಿದಿದ್ದಾಳೆ, ಉರುಳಬಾರದು, ಅನ್ನಪೂರ್ಣ ಬಸ್‌ಸ್ಟಾಂಡಿನ ಕಡೆ ನಡೆಯುತ್ತ ಸಣ್ಣಗಾದಳು, ಕಂಕುಳಲ್ಲಿ ಪೇಪರು ಸುತ್ತಿದ ಹಂಚು. ಟೆಂಪೋ ಮಣಿಪಾಲದ ಇಳಿಜಾರು ಇಳಿಯುತ್ತಿದೆ, ಲಕ್ಷ್ಮೀಂದ್ರನಗರ ಹೋಯಿತು, ಬೆನೆಡಿಕ್ಟಾ ಬಾಯಿಗೆ ನಾಳೆ ಬೇಗ ಬರುತ್ತೇನೆ ಅಂತ ಹೇಳಿಲ್ಲ, ಹೊಸ ಹಂಚು ಎಲ್ಲಿ ಸಿಗುತ್ತದೋ, ರಥಬೀದಿಯ ಕಡೆ ಕೇಳಬೇಕು, ಕಿಟ್ಟ ಏನೋ ಕೇಳಿದ, ಅಲ್ಲಿ ಡ್ಯೂಟಿ ಎಷ್ಟು ಗಂಟೆಯಿಂದ ಅಣ್ಣ, ಈಶಪ್ಪ ಏನೋ ಹೇಳಿದ, ನಡುವಿನ ಕಿಂಡಿಯಲ್ಲಿ ಅವನ ತಲೆಯ ಹಿಂಭಾಗ ಕಾಣುತ್ತಿದೆ, ನೆತ್ತಿಯಲ್ಲಿ ಕೂದಲು ತೆಳ್ಳಗಾಗಿದೆ, ಚರ್ಮ ಕಾಣುತ್ತದೆ, ಒಂದು ಗೇಣು ಅಂದರೆ ಇಷ್ಟು, ಭಾಗವ್ವ ತನ್ನ ಮಡಿಲಲ್ಲಿ ಬೆರಳು ಚಾಚಿ ನೋಡಿಕೊಂಡಳು, ಇಷ್ಟೇ. ಹಿಂದಿನ ದಿನ ಅಷ್ಟು ಬೀಸಿದ್ದು ಯಾಕೆ, ಶಿವರಾತ್ರಿ ಆಗಿ ಸ್ವಲ್ಪ ದಿನ, ಊರಿನಿಂದ ಹೊಸ ಜೋಳ ಬಂದಿತ್ತು, ಹೊಸ ಜೋಳದ ಹಿಟ್ಟು ಬೆಳ್ಳಗಿರುತ್ತದೆ, ಬೀಸಿದ ಮೇಲೆ ಕಲ್ಲಿನ ಸಂದಿಯನ್ನು ಬಟ್ಟೆಯಿಂದ ಜಾಡಿಸುವುದು ರೂಢಿ, ಅವತ್ತು ಜಾಡಿಸಿರಲಿಲ್ಲ, ಬಾಯಿಯ ಮನೆಗೆ ತಡವಾಗಿತ್ತು, ಆ ಹಿಟ್ಟೇ, ಮೂರನೆಯ ಮಾಳಿಗೆ, ಒಳಗೆ ಯಾರೂ ಇಲ್ಲದ ಕೋಣೆ, ಕಿಟಕಿಗೆ ಸಿಕ್ಕಿಕೊಂಡ ಹಲಗೆ, ಅದರ ಮೇಲೆ ಬೆಳ್ಳನೆಯ ಗೆರೆ, ಕರಿಬಸವ ಇನ್ನೂ ಒರೆಸಿಲ್ಲ, ಇಂದ್ರಾಳಿಯ ಸೇತುವೆ ಬಂತು, ಕೆಳಗೆ ರೈಲು ಇಲ್ಲ, ಖಾಲಿ ಹಳಿ, ಸವಿತಾ ತಿರುಗಿ ಅವ್ವಾ ಅನ್ನುತ್ತಿದ್ದಾಳೆ, ಅವ್ವಾ ಕೇಳುತ್ತಾ, ಕೇಳುತ್ತಿದೆ, ಹಲಗೆಯ ಮೇಲೆ ಗೆರೆ, ಒಳಗಿನ ತುದಿಯಿಂದ ಶುರುವಾಗಿ, ನೆಟ್ಟಗೆ, ಎಲ್ಲೂ ಡೊಂಕಾಗದೆ, ಕಿಟಕಿಯವರೆಗೆ, ಕಿಟಕಿಯ ಆಚೆ ಬಿಸಿಲು, ಹಲಗೆಯ ಮೇಲೆ ಹಿಟ್ಟಿನ ಗೆರೆ, ಕಿಟಕಿಯವರೆಗೆ, ಹಲಗೆಯ ಮೇಲೆ ಹಿಟ್ಟಿನ ಗೆರೆ —